ಪ್ಲೇಗಿನ ಲಸಿಕೆಯ ನಿರ್ಮಾತೃ ವಾಲ್ಡೆಮಾರ್ ಹಾಫ್‌ಕಿನ್

ಕ್ರಿ.ಶ. 1898ನೆಯ ಇಸವಿಯ ಮಳೆಗಾಲವು ಹುಬ್ಬಳ್ಳಿಯ ಇತಿಹಾಸದಲ್ಲಿ ಮರೆಯಬಾರದ ಕಾಲ. ಪ್ಲೇಗೆಂಬ ಮಹಾಮಾರಿಯು ಓಣಿ ಓಣಿಗಳನ್ನು ಹೊಕ್ಕು ಮನೆಮನೆಯ ಬಾಗಿಲಿಗೆ ಬೀಗ ಜಡಿಸಿದ್ದು ಆಗ. ಅದೇ ಮಳೆಗಾಲದಲ್ಲಿ ಈ ಊರಿನ ಮೂವತ್ತೈದು ಸಾವಿರಕ್ಕೂ ಮಿಕ್ಕ ಜನರು ತೋಳೊಡ್ಡಿ ನಿಂತು ಒಂದು ಹೊಸ ಲಸಿಕೆಯನ್ನು ಚುಚ್ಚಿಸಿಕೊಂಡರು. ಒಂದೇ ಊರಿನ ಇಷ್ಟು ದೊಡ್ಡ ಪಾಲಿನ ಜನರು ಕೆಲವೇ ತಿಂಗಳುಗಳಲ್ಲಿ ಪ್ಲೇಗಿನ ಲಸಿಕೆಯನ್ನು ಪಡೆದ ಉದಾಹರಣೆ ಅಂದಿನವರೆಗೆ ಜಗತ್ತಿನಲ್ಲಿ ಬೇರೊಂದಿರಲಿಲ್ಲ. ಆ ಲಸಿಕೆಯನ್ನು ರೂಪಿಸಿದ ಮಹನೀಯರ ಹೆಸರು ವಾಲ್ಡೆಮಾರ್ ಹಾಫ್‌ಕಿನ್. ಅವರು ವೈದ್ಯಕೀಯ ಪದವೀಧರರಲ್ಲ, ಪ್ರಾಣಿಶಾಸ್ತ್ರಜ್ಞರು. ಮುಂಬಯಿಯಲ್ಲಿ ಅವರ ಹೆಸರಿನ ಸಂಸ್ಥೆಯೊಂದು ಇಂದಿಗೂ ಇದೆ. ನಮ್ಮ ಭಾಗದಲ್ಲಿ ಮಾತ್ರ, ಅವರ ಲಸಿಕೆಯಿಂದ ಉಳಿದ ಮನೆತನಗಳ ಮೊಮ್ಮಕ್ಕಳು ಮರಿಮಕ್ಕಳಿಗೂ ಆ ಹೆಸರಿನ ಪರಿಚಯ ಇಲ್ಲವೆಂದೇ ಹೇಳಬೇಕು.

ಹಾಫ್‌ಕಿನ್‌ರು 1860ನೆಯ ಇಸವಿ ಮಾರ್ಚ್ 15ರಂದು ಕಪ್ಪು ಸಮುದ್ರದ ದಂಡೆಯ ಒಡೆಸ್ಸಾ ನಗರದಲ್ಲಿ ಜನಿಸಿದರು. ಇಂದು ಯುಕ್ರೇನಿನಲ್ಲಿರುವ ಆ ನಗರವು ಅಂದು ರಷ್ಯಾದ ಚಕ್ರವರ್ತಿಯ ಆಳಿಕೆಗೆ ಸೇರಿತ್ತು. ತಂದೆ ಯಹೂದಿ ವರ್ತಕರು. ಒಡೆಸ್ಸಾದ ವಿಶ್ವವಿದ್ಯಾಲಯದಲ್ಲಿ ಅವರಿಗೆ ಗುರುವಾಗಿ ದೊರೆತವರು ಇಲ್ಯಾ ಮೆಚ್ನಿಕಾಫ್; ದೇಹದೊಳಗಿನ ಕೆಲವು ಜೀವಕೋಶಗಳು ರೋಗಾಣುಗಳನ್ನು ನುಂಗಿ ಜೀರ್ಣಿಸಿಕೊಳ್ಳುವುದನ್ನು ತೋರಿಸಿ ಮುಂದೆ ನೊಬೆಲ್ ಪಾರಿತೋಷಕ ಪಡೆದ ಮಹಾ ವಿಜ್ಞಾನಿ. ಶಿಷ್ಯನ ಬಾಳು ಸುಗಮವಾಗಿರಲಿಲ್ಲ. ಯಹೂದಿಗಳ ಮೇಲೆ ಗುಂಪುಗಳು ಎರಗಿ ಬಂದ 1881ರಲ್ಲಿ ಆತ್ಮರಕ್ಷಣೆಯ ತಂಡದಲ್ಲಿ ನಿಂತು ಗಾಯಗೊಂಡರು, ಬಂಧನಕ್ಕೊಳಗಾದರು. ಗುರುಗಳ ಮಧ್ಯಸ್ತಿಕೆಯಿಂದ ಬಿಡುಗಡೆ ಹೊಂದಿದರು. ವಿದ್ಯಾಭ್ಯಾಸ ಮುಗಿದ ಮೇಲೆ ಅಧ್ಯಾಪಕ ಹುದ್ದೆಗೆ ದಾರಿ ತೆರೆದಿತ್ತು, ಆದರೆ ಹುಟ್ಟಿನ ಧರ್ಮವನ್ನು ಬಿಟ್ಟು ರಾಜಧರ್ಮವನ್ನು ಸ್ವೀಕರಿಸಬೇಕೆಂಬ ಷರತ್ತಿನ ಮೇಲೆ. ಅದಕ್ಕೆ ಅವರು ಒಪ್ಪಲಿಲ್ಲ. ಪ್ರಾಣಿಸಂಗ್ರಹದ ವಸ್ತುಶಾಲೆಯೊಂದರಲ್ಲಿ ಕೆಲವು ವರ್ಷ ಸಣ್ಣ ಕೆಲಸ ಮಾಡಿಕೊಂಡಿದ್ದು, 1888ರಲ್ಲಿ ದೇಶ ಬಿಟ್ಟು ಜಿನೀವಾಕ್ಕೆ ತೆರಳಿದರು. ಮರುವರ್ಷ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಸ್ಥಳ ದೊರೆಯಿತು. ಅದೂ ಸಂಶೋಧಕನ ಸ್ಥಳವಲ್ಲ, ಗ್ರಂಥಾಲಯದ ಸಹಾಯಕನ ಸ್ಥಳ. ಪುಸ್ತಕಗಳ ಕೆಲಸ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಅವರು ಸೂಕ್ಷ್ಮದರ್ಶಕದ ಮುಂದೆ ಕೂಡುತ್ತಿದ್ದರು. ಪಿಟೀಲು ಬಾರಿಸುವುದೊಂದೇ ಅವರಿಗಿದ್ದ ವಿನೋದ.

ಆ ಸಂಸ್ಥೆಯ ಹಿನ್ನೆಲೆಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಮನುಷ್ಯರಿಗೆ ಲಸಿಕೆ ಹಾಕುವ ವಿದ್ಯೆಯು ಪಶುಪಕ್ಷಿಗಳ ಕೊಟ್ಟಿಗೆಯಲ್ಲಿ ಹುಟ್ಟಿದ ವಿದ್ಯೆ ಎಂಬುದನ್ನು ನಾವು ಮರೆತುಬಿಡುತ್ತೇವೆ. ಇಂಗ್ಲೆಂಡಿನ ಜೆನ್ನರ್ ಮಹಾಶಯರು 1796ರಲ್ಲಿ ಸಿಡುಬಿಗೆ ಮದ್ದು ಕಂಡದ್ದು ಆಕಳ ಕೆಚ್ಚಲಿನ ಗುಳ್ಳೆಯಲ್ಲಿ. ನಮ್ಮ ಕಡೆಯ ಹಿರಿಯರು ದೇವಿ ಹಾಕಿಸಿಕೊಳ್ಳುವುದೆಂದು ಕರೆಯುತ್ತಿದ್ದುದು ಇದನ್ನೇ. ಮುಂಬಯಿ ಇಲಾಖೆಗೆಲ್ಲ ಬೇಕಾದ ಆ ದ್ರವ್ಯವನ್ನು ಕರುಗಳ ಮೈಮೇಲೆ ಬೆಳೆಸಿ ತೆಗೆಯುವ ಸಂಸ್ಥೆಯು ಇಪ್ಪತ್ತನೆಯ ಶತಮಾನದ ಆರಂಭದಿಂದ ನಮ್ಮ ನೆರೆಯ ಬೆಳಗಾವಿಯಲ್ಲಿಯೇ ನಡೆಯಿತು. ಜೆನ್ನರರ ತರುವಾಯ ಎಂಬತ್ತು ವರ್ಷಗಳಿಗೂ ಹೆಚ್ಚು ಕಾಲ ಈ ವಿದ್ಯೆ ಸಿಡುಬನ್ನು ಬಿಟ್ಟು ಮುಂದಕ್ಕೆ ಸಾಗಲಿಲ್ಲ. ಅದನ್ನು ಮುಂದೆ ನಡೆಸಿದವರು ಲೂಯಿ ಪಾಶ್ಚರರು. ಅವರು ಮೊದಲು ಹಿಡಿದದ್ದು ಕೋಳಿಗಳನ್ನು ಕೊಲ್ಲುವ ಕಾಲರಾ ರೋಗವನ್ನು. ಹಳತಾಗಿ ಶಕ್ತಿಗುಂದಿದ ರೋಗಾಣುಗಳನ್ನು ಚುಚ್ಚಿದರೆ ಕೋಳಿಯು ಸಾಯದೆ, ಮುಂದೆ ಬಲವಾದ ರೋಗಾಣು ಹೊಕ್ಕರೂ ತಡೆದುಕೊಳ್ಳುತ್ತದೆಂಬುದು ಅಲ್ಲಿ ತಿಳಿಯಿತು. ತರುವಾಯ 1881ರಲ್ಲಿ ಕುರಿ ದನಗಳ ನೆರಡಿ ರೋಗಕ್ಕೆ ಇದೇ ಕ್ರಮದ ಲಸಿಕೆಯನ್ನು ರೈತರ ಎದುರಿನಲ್ಲಿಯೇ ಹಾಕಿ ತೋರಿಸಿದರು. ಮನುಷ್ಯನ ಸರದಿ ಬಂದದ್ದು 1885ರಲ್ಲಿ, ಹುಚ್ಚುನಾಯಿ ಕಡಿದ ಬಾಲಕನಿಗೆ ಚಿಕಿತ್ಸೆ ಮಾಡಿದಾಗ. ಅದೂ ನಾಯಿಯಿಂದ ಬರುವ ರೋಗವೇ.

ಹಾಫ್‌ಕಿನ್‌ರು ಕಲಿತದ್ದು ಈ ಗರಡಿಯಲ್ಲಿ. ಪಾಶ್ಚರರ ಬಲಗೈಯಾಗಿದ್ದ ಎಮಿಲ್ ರೂ ಅವರಿಗೆ ಸಹಾಯಕರಾಗಿದ್ದ ಅಲೆಕ್ಸಾಂದ್ರ್ ಯೆರ್ಸಿನ್ ಎಂಬ ತರುಣರು ಕೆಲಸ ಬಿಟ್ಟು ದೂರದೇಶಕ್ಕೆ ಹೊರಟಾಗ, ಆ ಸ್ಥಾನವು ಹಾಫ್‌ಕಿನ್‌ರಿಗೆ ದೊರೆಯಿತು. ಇದೇ ಯೆರ್ಸಿನ್ 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಪ್ಲೇಗಿನ ರೋಗಾಣುವನ್ನು ಕಂಡುಹಿಡಿದರು. ಅದೇ ನಗರದಲ್ಲಿ ಜಪಾನಿನ ಕಿತಸಾತೊ ಅವರೂ ಅದೇ ಕಾಲಕ್ಕೆ ಆ ಶೋಧದಲ್ಲಿ ತೊಡಗಿದ್ದರು. ಯೆರ್ಸಿನ್ ಬಿಟ್ಟುಹೋದ ಆಸನದಲ್ಲಿ ಕುಳಿತವರೇ ಮೂರು ವರ್ಷಗಳ ತರುವಾಯ ಅವರು ಕಂಡ ಶತ್ರುವಿಗೆ ಲಸಿಕೆ ಕಟ್ಟಿದರೆಂಬುದು ವಿಚಿತ್ರ ಯೋಗಾಯೋಗವೇ ಸರಿ. ಇನ್ನೊಂದು ಸಂಗತಿಯೂ ಸ್ವಾರಸ್ಯಕರವಾಗಿದೆ. ಯೆರ್ಸಿನ್ ಕಂಡ ಅಣುವನ್ನು ಬಹುಕಾಲದವರೆಗೆ ಸೂಕ್ಷ್ಮಜೀವಿಶಾಸ್ತ್ರದ ಗ್ರಂಥಗಳು, ಕೋಳಿಗಳ ಕಾಲರಾ ಮತ್ತು ನಮ್ಮ ರೈತರು ಗಳಲೆಯೆಂದೂ ಗಂಟಲುಬೇನೆಯೆಂದೂ ಕರೆಯುವ ದನಗಳ ರೋಗ, ಇವೆರಡರ ಅಣುವಿನ ಕುಲದಲ್ಲಿಯೇ ಎಣಿಸುತ್ತಿದ್ದವು; ಆ ಕುಲಕ್ಕೆ ಇಟ್ಟಿದ್ದುದು ಪಾಶ್ಚರರ ಹೆಸರು. ಪ್ರತ್ಯೇಕ ಕುಲವೆಂದು ಬೇರ್ಪಡಿಸಿ ಯೆರ್ಸಿನ್‌ರ ಹೆಸರನ್ನಿಟ್ಟದ್ದು ತೀರ ಈಚಿನ ಮಾತು.

ಪ್ಯಾರಿಸ್ಸಿನಲ್ಲಿ ಹಾಫ್‌ಕಿನ್‌ರು ಕೈಗೆತ್ತಿಕೊಂಡದ್ದು ಮನುಷ್ಯರ ಕಾಲರಾ ರೋಗವನ್ನು. ಗಿನಿಪಿಗ್ ಎಂಬ ಇಲಿಯಂಥ ಸಾಧುಪ್ರಾಣಿಗಳ ಹೊಟ್ಟೆಯ ಪೊಳ್ಳಿನಲ್ಲಿ ರೋಗಾಣುವನ್ನು ಒಂದರಿಂದ ಮತ್ತೊಂದಕ್ಕೆ ದಾಟಿಸುತ್ತ ಅದರ ಬಲವನ್ನು ಹೆಚ್ಚಿಸಿದರು. ಇನ್ನೊಂದು ತಳಿಯನ್ನು ಬಿಸಿಯಲ್ಲಿ ಬೆಳೆಸಿ ಬಲವನ್ನು ಕುಗ್ಗಿಸಿದರು. ಮೊದಲು ಕುಗ್ಗಿಸಿದ್ದು, ಕೆಲವು ದಿನಗಳ ತರುವಾಯ ಹೆಚ್ಚಿಸಿದ್ದು, ಹೀಗೆ ಎರಡು ಚುಚ್ಚುಮದ್ದು. 1892ರ ಜುಲೈ 18ರಂದು ಮೊದಲ ಬಾರಿಗೆ ಅದನ್ನು ಸ್ವಂತ ಮೈಗೇ ಚುಚ್ಚಿಕೊಂಡರು. ಯುರೋಪಿನ ಹಿರಿಯ ವೈದ್ಯರಿಗೆ ನಂಬಿಕೆ ಬರಲಿಲ್ಲ. ಹಿಂದೆ ಭಾರತದ ವೈಸರಾಯರಾಗಿದ್ದು ಆಗ ಪ್ಯಾರಿಸ್ಸಿನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ ಲಾರ್ಡ್ ಡಫರಿನ್ನರ ಪ್ರೋತ್ಸಾಹದಿಂದ ಅವರು 1893ರಲ್ಲಿ ಕಲಕತ್ತೆಗೆ ಬಂದರು. ಮುಂದಿನ ಎರಡು ವರ್ಷಗಳಲ್ಲಿ ಉತ್ತರ ಹಿಂದುಸ್ಥಾನ, ಬಂಗಾಲ, ಅಸ್ಸಾಮಿನ ಚಹದ ತೋಟಗಳು ಹೀಗೆ ಅಲೆದು ನಲವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿ, ಮಲೇರಿಯಾ ಹಿಡಿದು ಬಳಲಿ ಇಂಗ್ಲೆಂಡಿಗೆ ಮರಳಿದರು. ಪುನಃ ಬಂದದ್ದು 1896ರಲ್ಲಿ.

ಆ ವರ್ಷದ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಪೇಟೆಯಲ್ಲಿ ಪ್ಲೇಗು ಕಾಣಿಸಿಕೊಂಡಿತು. ಬಂದರಿನ ಬಳಿಯ ಧಾನ್ಯದ ಉಗ್ರಾಣಗಳಲ್ಲಿ ಇಲಿಗಳು ಮೊದಲು ಬಿದ್ದವು, ಮನುಷ್ಯರು ತರುವಾಯ. ಸರಕಾರದ ಕರೆಯ ಮೇರೆಗೆ ಹಾಫ್‌ಕಿನ್‌ರು ಅಕ್ಟೋಬರಿನಲ್ಲಿ ಮುಂಬಯಿಗೆ ಧಾವಿಸಿದರು. ಗ್ರ್ಯಾಂಟ್ ವೈದ್ಯಕೀಯ ಮಹಾವಿದ್ಯಾಲಯದ ಒಂದು ಕೋಣೆ ಮತ್ತು ಪಡಸಾಲೆ, ಒಬ್ಬ ಗುಮಾಸ್ತ, ಮೂವರು ಜವಾನರು: ಇಷ್ಟೇ ಅವರ ಪ್ರಯೋಗಶಾಲೆ, ಇಷ್ಟೇ ಪರಿವಾರ. ಮೂರೇ ತಿಂಗಳಲ್ಲಿ ಅವರು ಲಸಿಕೆಯನ್ನು ಸಿದ್ಧಗೊಳಿಸಿದರು.

ಅದನ್ನು ತಯಾರಿಸಿದ ಕ್ರಮವು ನಮ್ಮ ಓದುಗರಿಗೆ ಕುತೂಹಲ ಹುಟ್ಟಿಸಬಹುದು. ರೋಗಾಣು ಬೆಳೆಯಬೇಕಾದರೆ ಅದಕ್ಕೆ ಮಾಂಸದ ತಿಳಿಸಾರು ಬೇಕು. ಯುರೋಪಿನಲ್ಲಿ ಇದಕ್ಕೆ ಗೋಮಾಂಸವೇ ರೂಢಿ. ಹಿಂದೂ ಮುಸಲ್ಮಾನರಿಬ್ಬರ ಮನಸ್ಸನ್ನೂ ನೋಯಿಸಬಾರದೆಂದು ಹಾಫ್‌ಕಿನ್‌ರು ಆಕಳನ್ನೂ ಹಂದಿಯನ್ನೂ ದೂರವಿಟ್ಟು ಆಡಿನ ಮಾಂಸವನ್ನು ಆರಿಸಿಕೊಂಡರು. ಆ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಡುತ್ತಿದ್ದರು. ಪಾತ್ರೆಯನ್ನು ಅಲುಗದಂತೆ ಇಟ್ಟರೆ ಪ್ಲೇಗಿನ ಅಣುಗಳು ತುಪ್ಪದ ಹನಿಯ ಅಡಿಯನ್ನು ಹಿಡಿದುಕೊಂಡು, ಬಾವಿಯ ಗೋಡೆಯಿಂದ ಇಳಿಬಿದ್ದ ಬೇರುಗಳಂತೆ ಬೆಳ್ಳಗಿನ ಎಳೆಗಳಾಗಿ ಕೆಳಕ್ಕೆ ಬೆಳೆಯುತ್ತಿದ್ದವು. ಹೀಗೆ ಜೋತುಬಿದ್ದು ಬೆಳೆಯುವುದು ಪ್ಲೇಗಿನ ಅಣುವಿನ ವಿಶೇಷ ಲಕ್ಷಣ. ಪಾತ್ರೆಯಲ್ಲಿ ಅನ್ಯ ಅಣು ಸೇರಿಲ್ಲವೆಂಬುದಕ್ಕೆ ಅದೇ ಕಣ್ಣಿಗೆ ಕಾಣುವ ಗುರುತಾಗಿತ್ತು. ಪಾತ್ರೆಯನ್ನು ಅಲುಗಿಸಿದರೆ ಎಳೆಗಳು ಹಿಮದಂತೆ ಉದುರಿ ತಳ ಸೇರುತ್ತಿದ್ದವು, ಮತ್ತೆ ಹೊಸ ಬೆಳೆ ಏಳುತ್ತಿತ್ತು. ಕೆಲವು ವಾರ ಹೀಗೆ ಬೆಳೆ ತೆಗೆದು, ಸುಮಾರು 70 ಡಿಗ್ರಿ ಶಾಖದಲ್ಲಿ ಒಂದು ಗಂಟೆ ಕಾಯಿಸಿ ಅಣುಗಳನ್ನು ಕೊಂದು, ಕೆಡದಂತೆ ತುಸು ಕಾರ್ಬಾಲಿಕ್ ಆಮ್ಲವನ್ನು ಬೆರೆಸಿ ಶೀಶೆಗೆ ತುಂಬುತ್ತಿದ್ದರು. ಸತ್ತ ಅಣು ರೋಗ ತರಲಾರದು, ಆದರೆ ರೋಗದ ಪರಿಚಯವನ್ನು ದೇಹಕ್ಕೆ ಮಾಡಿಕೊಡುತ್ತದೆ. ಮೊದಲು ಮೊಲಗಳ ಮೇಲೆ ಪರೀಕ್ಷಿಸಿ, 1897ರ ಜನವರಿ 10ರಂದು ಹಾಫ್‌ಕಿನ್‌ರು ಸಾಕ್ಷಿಗಳ ಸಮಕ್ಷಮ ತಾವೇ ಅದನ್ನು ಚುಚ್ಚಿಸಿಕೊಂಡರು. ಮುಂದೆ ಜನರಿಗೆ ಕೊಟ್ಟ ಪ್ರಮಾಣದ ಸುಮಾರು ನಾಲ್ಕು ಪಟ್ಟು. ಜ್ವರ ಬಂತು, ನೋವು ಬಂತು, ಇಳಿದುಹೋಯಿತು. ಅದೇ ತಿಂಗಳು ಭಾಯಖಳಾ ಕಾರಾಗೃಹದಲ್ಲಿ ಪ್ಲೇಗು ಕಾಣಿಸಿಕೊಂಡಾಗ ಮುಂದೆ ಬಂದ ಬಂದಿಗಳಿಗೆ ಲಸಿಕೆ ಹಾಕಿದರು.

ಲಸಿಕೆಯ ಗುಣವನ್ನು ಅಳೆಯಲು ಅವರು ಅನುಸರಿಸಿದ ಮಾರ್ಗವೇ ಒಂದು ಪಾಠ. ಬಡೋದೆ ಸಂಸ್ಥಾನದ ಉಂಧೇರಾ ಎಂಬ ಹಳ್ಳಿಯಲ್ಲಿ 1898ರ ಫೆಬ್ರುವರಿಯಲ್ಲಿ, ಮನೆಮನೆಗೂ ಹೋಗಿ ಪ್ರತಿಯೊಂದು ಕುಟುಂಬದಲ್ಲಿ ಸುಮಾರು ಅರ್ಧ ಜನರಿಗೆ ಲಸಿಕೆ ಹಾಕಿ ಉಳಿದರ್ಧ ಜನರನ್ನು ಹಾಗೆಯೇ ಬಿಟ್ಟರು. ಒಂದೇ ಸೂರು, ಒಂದೇ ಊಟ, ಒಂದೇ ಗಾಳಿ, ಭೇದವೆಂದರೆ ಲಸಿಕೆಯದೊಂದೇ. ಪ್ಲೇಗು ಹೊಕ್ಕ 28 ಮನೆಗಳಲ್ಲಿ ಲಸಿಕೆ ಪಡೆಯದ 64 ಜನರ ಪೈಕಿ 27 ಜನರಿಗೆ ರೋಗ ತಗುಲಿ 26 ಜನ ತೀರಿಕೊಂಡರು. ಲಸಿಕೆ ಪಡೆದ 71 ಜನರ ಪೈಕಿ 8 ಜನರಿಗೆ ತಗುಲಿ 3 ಜನ ತೀರಿಕೊಂಡರು. ಈ ಅಂಕಿಗಳನ್ನು ಓದುವಾಗ ಬಿಟ್ಟ ಅರ್ಧ ಜನರ ನೆನಪಾಗಿ ಮನಸ್ಸು ಕಳವಳಗೊಳ್ಳುತ್ತದೆ. ಇಂದಿನ ನಿಯಮಗಳು ಇದಕ್ಕೆ ಸುಲಭವಾಗಿ ಒಪ್ಪಿಗೆ ಕೊಡಲಾರವು.

ಹುಬ್ಬಳ್ಳಿಯಲ್ಲಿ ನಡೆದದ್ದು ಬೇರೆಯೇ ಬಗೆಯ ಕಾರ್ಯ. ಅಂದಿನ ಹುಬ್ಬಳ್ಳಿ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯ ಅತಿ ದೊಡ್ಡ ವ್ಯಾಪಾರಸ್ಥಳ, ಸುಮಾರು ಅರ್ಧ ಲಕ್ಷ ಜನವಸತಿಯ ಪಟ್ಟಣ. ಹತ್ತಿಯ ಮತ್ತು ಕಾಳಿನ ಪೇಟೆ, ದಕ್ಷಿಣ ಮರಾಠಾ ರೈಲ್ವೆಯ ಕೂಡುದಾಣ, ಅದರ ದೊಡ್ಡ ಕಾರಖಾನೆ. ಇಲಿಗೆ ಬೇಕಾದದ್ದೆಲ್ಲ ಇಲ್ಲಿತ್ತು. ಒಂದೂರಿನ ಇಲಿ ಇನ್ನೊಂದೂರಿಗೆ ಹೋಗಲು ಕಾಳಿನ ಚೀಲಗಳೂ ರೈಲುಬಂಡಿಯೂ ಇದ್ದವು. ಬೆಂಗಳೂರಿಗೆ 1898ರ ಆಗಸ್ಟಿನಲ್ಲಿ ಪ್ಲೇಗು ಹೋದದ್ದು ಹುಬ್ಬಳ್ಳಿಯ ಕಡೆಯಿಂದ ರೈಲುಮಾರ್ಗವಾಗಿಯೇ.

ಊರಿನಲ್ಲಿ ಪ್ಲೇಗಿನ ಅಧಿಕಾರವನ್ನು ವಹಿಸಿದ್ದವರು ಸರ್ಜನ್-ಕ್ಯಾಪ್ಟನ್ ಲ್ಯೂಮನ್ ಎಂಬ ಸೈನ್ಯದ ವೈದ್ಯರು. 1898ರ ಮೇ ತಿಂಗಳಿನಲ್ಲಿ ಆರಂಭಿಸಿ ಸೆಪ್ಟೆಂಬರಿನ ಕೊನೆಯ ಹೊತ್ತಿಗೆ ಅವರೂ ಅವರ ಸಹಾಯಕರೂ ಊರಿನಲ್ಲಿ ಉಳಿದಿದ್ದ ಬಹುತೇಕ ಎಲ್ಲರಿಗೂ ಲಸಿಕೆ ಹಾಕಿದ್ದರು. ಸಾಧ್ಯವಾದಷ್ಟು ಜನರಿಗೆ ಎರಡು ಸಲ ಹಾಕಿದರು. ಬೇಕಾದ ಶೀಶೆಗಳು ಮುಂಬಯಿಯ ಹಾಫ್‌ಕಿನ್‌ರ ಪ್ರಯೋಗಶಾಲೆಯಿಂದ ಬರುತ್ತಿದ್ದವು. ಆ ಪ್ರಯೋಗಶಾಲೆಯು ಆಗ ಆಗಾಖಾನರ ಬಂಗಲೆಯೊಂದರಲ್ಲಿತ್ತು. 1899ರಲ್ಲಿ ಪರೇಲದ ಹಳೆಯ ರಾಜ್ಯಪಾಲ ಭವನಕ್ಕೆ ಸ್ಥಳಾಂತರವಾಯಿತು.

ಇಷ್ಟು ಜನ ಏಕೆ ಒಪ್ಪಿದರು? ವಿಜ್ಞಾನದ ಮೇಲಣ ವಿಶ್ವಾಸವೆಂದು ಹೇಳಿಬಿಟ್ಟರೆ ಕೇಳಲು ಇಂಪಾಗಿರುತ್ತದೆ, ಆದರೆ ಅದು ಪೂರ್ತಿ ನಿಜವಾಗಲಾರದು. ಹಿಂದಿನ ವರ್ಷವಷ್ಟೇ ಪುಣೆಯಲ್ಲಿ ಸಿಪಾಯಿಗಳು ಮನೆಗಳನ್ನು ಹೊಕ್ಕು ಶೋಧಿಸಿದ ಕ್ರಮದಿಂದ ಜನ ರೊಚ್ಚಿಗೆದ್ದು, ಪ್ಲೇಗ್ ಅಧಿಕಾರಿ ರ್‍ಯಾಂಡರ ಕೊಲೆಯಾಗಿತ್ತು. ರೋಗಿಯನ್ನು ಆಸ್ಪತ್ರೆಯ ಛಾವಣಿಗೂ ಮನೆಯವರನ್ನು ಊರ ಹೊರಗಿನ ಗುಡಿಸಲುಗಳಿಗೂ ಒಯ್ಯುವ ನಿರ್ಬಂಧಗಳು ಸಾವಿಗಿಂತ ಹೆಚ್ಚು ಭಯ ಹುಟ್ಟಿಸಿದ್ದವು. ಲಸಿಕೆ ಹಾಕಿಸಿಕೊಂಡವರಿಗೆ ಈ ನಿರ್ಬಂಧಗಳಿಂದ ವಿನಾಯಿತಿ ಇತ್ತು. ಆದ್ದರಿಂದ ಅನೇಕರು ತೋಳೊಡ್ಡಿದ್ದು ಪ್ಲೇಗಿನ ಭಯಕ್ಕೋ ಸರಕಾರದ ಭಯಕ್ಕೋ ಎಂದು ಬಿಡಿಸಿ ಹೇಳುವುದು ಕಷ್ಟ. ಆದರೆ ಕಣ್ಣೆದುರಿನ ಅನುಭವವೂ ಒಂದಿತ್ತು. ಒಂದೇ ಓಣಿಯಲ್ಲಿ ಹಾಕಿಸಿಕೊಂಡ ಮನೆ ಉಳಿಯುವುದನ್ನೂ ಹಾಕಿಸಿಕೊಳ್ಳದ ಮನೆ ಬರಿದಾಗುವುದನ್ನೂ ಜನ ದಿನದಿನವೂ ಕಂಡರು. ಸರಕಾರದ ಪ್ರಕಟಣೆಯನ್ನು ಓದಲಾರದವನಿಗೂ ಇದು ತಿಳಿಯುವ ಲೆಕ್ಕ.

ಮಾಂಸದ ಗಂಧವನ್ನೂ ಸಹಿಸದ ಮನೆತನಗಳು ಹುಬ್ಬಳ್ಳಿಯಲ್ಲಿ ಎಷ್ಟೋ ಇದ್ದವು. ಆಕಳು ಹಂದಿಗಳನ್ನು ಬಿಟ್ಟು ಆಡನ್ನು ಆರಿಸಿದ ಹಾಫ್‌ಕಿನ್‌ರ ಔದಾರ್ಯವು ಅಂಥವರಿಗೆ ಸಮಾಧಾನವಾಗುವ ಮಾತಲ್ಲ. ಆದರೂ ಊರಿನ ಬಹುಭಾಗ ಲಸಿಕೆ ಪಡೆಯಿತೆಂದರೆ ಆ ಮನೆತನಗಳಿಂದಲೂ ಜನ ಬಂದರೆಂದೇ ಅರ್ಥ. ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದ ಆ ತಾಯಂದಿರ ಹೆಸರನ್ನು ಯಾವ ವರದಿಯೂ ಬರೆದಿಡಲಿಲ್ಲ.

ಲ್ಯೂಮನ್‌ರು ವಾರವಾರವೂ ಲಸಿಕೆ ಪಡೆದವರಲ್ಲಿ ಸತ್ತವರೆಷ್ಟು, ಪಡೆಯದವರಲ್ಲಿ ಸತ್ತವರೆಷ್ಟು ಎಂಬ ಪಟ್ಟಿಯನ್ನು ಇಟ್ಟರು. ಊರಿನಲ್ಲಿ ಲಸಿಕೆ ಪಡೆಯದವರ ಸಂಖ್ಯೆ ಇಳಿಯುತ್ತ ಇಳಿಯುತ್ತ ಕೆಲವೇ ಸಾವಿರಕ್ಕೆ ಬಂದ ಮೇಲೂ, ಆ ಅಲ್ಪಸಂಖ್ಯೆಯಲ್ಲಿಯೇ ಸಾವು ಹೆಚ್ಚಾಗಿತ್ತು. 1899ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ವಿದ್ವಾಂಸರ ಮುಂದೆ ಹಾಫ್‌ಕಿನ್‌ರು ತಮ್ಮ ಕಾರ್ಯವನ್ನು ನಿವೇದಿಸಿದಾಗ, ಹುಬ್ಬಳ್ಳಿ ಧಾರವಾಡಗಳ ಹೆಸರುಗಳು ಆ ಸಭೆಯಲ್ಲಿ ಕೇಳಿಬಂದವು. ಎಡಿನ್‌ಬರೋದ ಪ್ರೊಫೆಸರ್ ಫ್ರೇಜರರ ಅಧ್ಯಕ್ಷತೆಯ ಪ್ಲೇಗ್ ಆಯೋಗವು ಈ ಅಂಕಿಗಳನ್ನು ಕಟುವಾಗಿಯೇ ಪರಿಶೀಲಿಸಿತು. ಊರು ಬಿಟ್ಟುಹೋದವರೆಷ್ಟು, ಉಳಿದವರೆಷ್ಟೆಂಬುದು ಖಚಿತವಿಲ್ಲದೆ ಲೆಕ್ಕ ಪೂರ್ಣವಾಗದೆಂದು ಆಕ್ಷೇಪಿಸಿತು. ಆಕ್ಷೇಪ ನ್ಯಾಯವಾದುದೇ. ಆದರೂ ಲಸಿಕೆಯು ರೋಗವನ್ನೂ ಮರಣವನ್ನೂ ಬಹುಮಟ್ಟಿಗೆ ತಗ್ಗಿಸುತ್ತದೆಂಬ ಮುಖ್ಯ ನಿರ್ಣಯವನ್ನು ಆಯೋಗವು ಒಪ್ಪಿಕೊಂಡಿತು.

ಹಾಫ್‌ಕಿನ್‌ರಿಗೂ ಆಗ ತಿಳಿಯದಿದ್ದ ಸಂಗತಿಯೊಂದಿತ್ತು: ಈ ರೋಗ ಮನುಷ್ಯನಿಗೆ ಬರುವ ದಾರಿ. ಇಲಿ ಬಿದ್ದರೆ ಮನೆ ಬಿಡಬೇಕೆಂಬುದು ನಮ್ಮ ಹಳ್ಳಿಗಳ ಜನರಿಗೆ ಬೇಗನೆ ತಿಳಿದಿತ್ತು; ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇದ್ದು ಬದುಕಿದವರ ಕಥೆಗಳನ್ನು ನಮ್ಮ ಅಜ್ಜಂದಿರು ಹೇಳುತ್ತಿದ್ದರು. ಸತ್ತ ಇಲಿಯ ಮೈ ತಣ್ಣಗಾದೊಡನೆ ಅದರ ಚಿಗಟಗಳು ಬಿಟ್ಟುಬಂದು ಮನುಷ್ಯನನ್ನು ಕಚ್ಚುತ್ತವೆ, ರೋಗ ಬರುವುದು ಆ ಕಡಿತದಿಂದ ಎಂದು ಪಾಶ್ಚರ್ ಸಂಸ್ಥೆಯವರೇ ಆದ ಪಾಲ್-ಲೂಯಿ ಸಿಮೊಂಡ್ ಎಂಬವರು 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ಮಾಡಿ ತೋರಿಸಿದರು. ಹೆಚ್ಚಿನವರು ನಂಬಲಿಲ್ಲ. 1905ರಿಂದ ಪರೇಲದ ಪ್ರಯೋಗಶಾಲೆಯಲ್ಲಿಯೇ ಸಂಶೋಧನಾ ಆಯೋಗವು ಗಿನಿಪಿಗ್‌ಗಳನ್ನು ಗೂಡುಗಳಲ್ಲಿಟ್ಟು ಪರೀಕ್ಷಿಸಿತು. ಚಿಗಟವು ಹಾರಿ ಮುಟ್ಟಬಲ್ಲ ಎತ್ತರದಲ್ಲಿದ್ದ ಪ್ರಾಣಿಗಳು ಸತ್ತವು. ಅದಕ್ಕಿಂತ ಮೇಲೆ ತೂಗಹಾಕಿದ ಗೂಡಿನ ಪ್ರಾಣಿಗಳು ಬದುಕಿದವು. ಅಲ್ಲಿಗೆ ಸಂಶಯ ಹರಿಯಿತು. ಪ್ಲೇಗು ಮೂಲತಃ ಇಲಿಯ ರೋಗ. ಮನುಷ್ಯನು ಅದರ ದಾರಿಯಲ್ಲಿ ಅಡ್ಡ ಸಿಕ್ಕವನು.

ಪಶುರೋಗದ ಸಂಶೋಧನೆಯೂ ಮಾನವರೋಗದ ಸಂಶೋಧನೆಯೂ ಆ ಕಾಲದಲ್ಲಿ ಎಷ್ಟು ಹೆಣೆದುಕೊಂಡಿದ್ದವೆಂಬುದಕ್ಕೆ ಇನ್ನೊಂದು ನಿದರ್ಶನ. ದನಗಳನ್ನು ಹಟ್ಟಿ ಹಟ್ಟಿಯಾಗಿ ಕೊಲ್ಲುತ್ತಿದ್ದ ದೊಡ್ಡರೋಗಕ್ಕೆ ಪರಿಹಾರ ಹುಡುಕಲೆಂದು 1889ರಲ್ಲಿ ಪುಣೆಯಲ್ಲಿ ಸರಕಾರದ ಪ್ರಯೋಗಶಾಲೆಯೊಂದು ಸ್ಥಾಪನೆಯಾಗಿ, 1893ರಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಹೋಯಿತು. ಇಂದಿನ ಭಾರತೀಯ ಪಶುವೈದ್ಯ ಸಂಶೋಧನ ಸಂಸ್ಥೆಯ ಮೂಲ ಅದೇ. ಜರ್ಮನಿಯ ರಾಬರ್ಟ್ ಕಾಖ್ ಅವರು 1897ರ ಆರಂಭದಲ್ಲಿ ದಕ್ಷಿಣ ಆಫ್ರಿಕದಲ್ಲಿ ಅದೇ ದೊಡ್ಡರೋಗದ ಅಧ್ಯಯನದಲ್ಲಿದ್ದರು. ಅಲ್ಲಿಂದ ನೇರವಾಗಿ ಮುಂಬಯಿಗೆ ಬಂದು ಜರ್ಮನ್ ಪ್ಲೇಗ್ ಆಯೋಗವನ್ನು ಕೂಡಿಕೊಂಡರು. ಆ ಆಯೋಗವು ಮಂಗಗಳ ಮೇಲೆ ಪರೀಕ್ಷಿಸಿ ಹಾಫ್‌ಕಿನ್‌ರ ಲಸಿಕೆ ಗುಣಕಾರಿಯೆಂದು ಕಂಡಿತು. ಕಾಖ್‌ರು ಅದೇ ವರ್ಷ ಮುಕ್ತೇಶ್ವರಕ್ಕೂ ಹೋಗಿ ದನಗಳ ರೋಗದ ಬಗೆಗೆ ಸಲಹೆ ಕೊಟ್ಟರು. ದನದ ವೈದ್ಯ, ಜನದ ವೈದ್ಯ ಎಂಬ ಗೋಡೆ ಆ ತಲೆಮಾರಿನವರಿಗೆ ಇರಲಿಲ್ಲ. ದೊಡ್ಡರೋಗವು 2011ರಲ್ಲಿ ಭೂಮಂಡಲದಿಂದಲೇ ನಿರ್ಮೂಲವಾಯಿತೆಂದು ಘೋಷಣೆಯಾಯಿತು. ಸಿಡುಬಿನ ತರುವಾಯ ಹಾಗೆ ಅಳಿದ ಎರಡನೆಯ ರೋಗ ಅದು.

ಹಾಫ್‌ಕಿನ್‌ರ ಬಾಳಿನ ಕಡುದುಃಖದ ಪ್ರಕರಣವನ್ನು ಈಗ ಹೇಳಬೇಕು. 1902ರಲ್ಲಿ ಪಂಜಾಬಿನಲ್ಲಿ ಪ್ಲೇಗು ಭೀಕರವಾಗಿ ಹಬ್ಬಿ, ಅಲ್ಲಿಯ ಸರಕಾರವು ಲಕ್ಷಗಟ್ಟಲೆ ಜನರಿಗೆ ಲಸಿಕೆ ಹಾಕಿಸಲು ನಿಶ್ಚಯಿಸಿತು. ಅಷ್ಟು ಲಸಿಕೆಯನ್ನು ಬೇಗನೆ ತಯಾರಿಸಲು ಪರೇಲದಲ್ಲಿ ಕ್ರಮವನ್ನು ತುಸು ಬದಲಿಸಿ, ಕಾರ್ಬಾಲಿಕ್ ಆಮ್ಲವನ್ನು ಬಿಟ್ಟು, ಶಾಖದಿಂದಲೇ ಶುದ್ಧಿಗೊಳಿಸುವ ಪದ್ಧತಿಯನ್ನು ಹಿಡಿದರು. ಅಕ್ಟೋಬರ 30ರಂದು ಮಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಲಸಿಕೆ ಹಾಕಲಾಯಿತು. ತರುವಾಯ ಅವರ ಪೈಕಿ 19 ಜನರಿಗೆ ಧನುರ್ವಾಯು ಕಾಣಿಸಿಕೊಂಡಿತು. 19 ಜನರೂ ಮೃತರಾದರು. ಎಲ್ಲರಿಗೂ ಹಾಕಿದ್ದು ಒಂದೇ ಶೀಶೆಯ ಲಸಿಕೆ.

ಧನುರ್ವಾಯುವಿನ ಅಣುವು ಕುದುರೆ ದನಗಳ ಕರುಳಿನಲ್ಲಿ ವಾಸಿಸಿ, ಸೆಗಣಿ ಲದ್ದಿಗಳೊಡನೆ ಮಣ್ಣಿಗೆ ಸೇರುವಂಥದು. ಹಳ್ಳಿಯ ಬೀದಿಯ ಯಾವ ಹಿಡಿ ಮಣ್ಣಿನಲ್ಲಾದರೂ ಅದು ಇರಬಹುದು. ಅದು ಶೀಶೆಗೆ ಸೇರಿದ್ದು ಪರೇಲದಲ್ಲಿಯೋ ಮಲ್ಕೋವಾಲಿನಲ್ಲಿಯೋ? ಪ್ರಶ್ನೆಯಿದ್ದುದು ಇಷ್ಟೇ. ಸರಕಾರ ನೇಮಿಸಿದ ವಿಚಾರಣಾ ಸಮಿತಿಯು ತಪ್ಪು ಪ್ರಯೋಗಶಾಲೆಯದೆಂದು ಅಭಿಪ್ರಾಯಪಟ್ಟು, ಕಾರ್ಬಾಲಿಕ್ ಆಮ್ಲವನ್ನು ಬಿಟ್ಟುದನ್ನೇ ದೊಡ್ಡ ಅಪರಾಧವಾಗಿ ಎಣಿಸಿತು. ಹಾಫ್‌ಕಿನ್‌ರು ನಿರ್ದೇಶಕ ಪದವಿಯನ್ನು ಕಳೆದುಕೊಂಡು ಇಂಗ್ಲೆಂಡಿಗೆ ಹೋಗಬೇಕಾಯಿತು. ತನ್ನ ಮೈಗೇ ಮೊದಲು ಚುಚ್ಚಿಕೊಂಡವನನ್ನು ಜನರ ಪ್ರಾಣದ ಬಗೆಗೆ ಅಲಕ್ಷ್ಯ ಮಾಡಿದವನೆಂದು ನಿಂದಿಸಿದರು. ಪರದೇಶದವನು, ಯಹೂದಿ, ವೈದ್ಯ ಪದವಿಯಿಲ್ಲದವನು ಎಂಬ ಅಸಡ್ಡೆಯೂ ಅಧಿಕಾರಿವರ್ಗದಲ್ಲಿ ಮೊದಲಿನಿಂದ ಇತ್ತು. ಅದು ಈಗ ಹೊರಬಿತ್ತೆಂದು ತೋರುತ್ತದೆ.

ವಿಚಾರಣೆಯ ಸಾಕ್ಷ್ಯದಲ್ಲಿಯೇ ಒಂದು ವಿವರ ಅಡಗಿತ್ತು. ಆ ಶೀಶೆಯ ಬಿರಡೆಯನ್ನು ತೆಗೆಯುವಾಗ ಸಹಾಯಕನ ಕೈಯಿಂದ ಚಿಮಟ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಿಗೊಳಿಸದೆಯೇ ಅದರಿಂದ ಬಿರಡೆಯನ್ನು ಕಿತ್ತಿದ್ದರು. ಶೀಶೆಯನ್ನು ತುಂಬಿ ಅಂದಿಗೆ 41 ದಿನಗಳಾಗಿದ್ದವು. ಅಷ್ಟು ದಿನ ಒಳಗೆ ಧನುರ್ವಾಯುವಿನ ಅಣು ಬೆಳೆದಿದ್ದರೆ ತೆರೆದೊಡನೆ ದುರ್ವಾಸನೆ ಬಡಿಯಬೇಕಾಗಿತ್ತು. ರೋಗದ ಚಿಹ್ನೆಗಳು ತಡವಾಗಿ ತೋರಿದ್ದೂ, ಅಣು ಶೀಶೆಗೆ ಸೇರಿದ್ದು ಅದೇ ದಿನವೆಂಬುದಕ್ಕೆ ಹೊಂದುತ್ತಿತ್ತು. ಮಲೇರಿಯಾದ ರಹಸ್ಯವನ್ನು ಭೇದಿಸಿ ನೊಬೆಲ್ ಪಡೆದಿದ್ದ ರೊನಾಲ್ಡ್ ರಾಸ್ ಅವರು ಈ ಅನ್ಯಾಯದ ವಿರುದ್ಧ ಪತ್ರಿಕೆಗಳಲ್ಲಿ ದನಿಯೆತ್ತಿದರು. 1907ರ ಜುಲೈಯಲ್ಲಿ ಹತ್ತು ಮಂದಿ ಸೂಕ್ಷ್ಮಜೀವಿಶಾಸ್ತ್ರಜ್ಞರು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಬಹಿರಂಗ ಪತ್ರ ಬರೆದರು. ಅದೇ ವರ್ಷದ ಕೊನೆಗೆ ಸರಕಾರವು ಹಾಫ್‌ಕಿನ್‌ರನ್ನು ದೋಷಮುಕ್ತರೆಂದು ಒಪ್ಪಿತು. ಬಿದ್ದ ಚಿಮಟಕ್ಕೆ ತೆತ್ತ ಬೆಲೆ ಐದು ವರ್ಷ. ಮಡಿದ 19 ಜನರ ಕುಟುಂಬಗಳಿಗೆ ಈ ತೀರ್ಪಿನಿಂದ ಏನೂ ಮರಳಿ ಬರಲಿಲ್ಲವೆಂಬುದನ್ನೂ ಹೇಳಬೇಕಾಗುತ್ತದೆ.

ಪರೇಲದ ಪೀಠ ಅವರಿಗೆ ಮರಳಿ ಸಿಗಲಿಲ್ಲ. ಕಲಕತ್ತೆಯ ಪ್ರಯೋಗಶಾಲೆಯೊಂದರಲ್ಲಿ ಸ್ಥಳ ಕೊಟ್ಟರು, ಜನರ ಮೇಲೆ ಪ್ರಯೋಗ ನಡೆಸುವ ಅಧಿಕಾರ ಕೊಡಲಿಲ್ಲ. ಅಲ್ಲಿ ಕೆಲವು ವರ್ಷ ಬರವಣಿಗೆಯಲ್ಲಿ ಕಳೆದು, ಐವತ್ತೈದರ ಅಂಚಿನಲ್ಲಿ ಸೇವೆಯಿಂದ ನಿವೃತ್ತರಾಗಿ ಭಾರತವನ್ನು ಬಿಟ್ಟರು. ಉಳಿದ ಜೀವನವೆಲ್ಲ ಫ್ರಾನ್ಸ್, ಆಮೇಲೆ ಸ್ವಿಟ್ಜರ್‌ಲೆಂಡಿನಲ್ಲಿ ಕಳೆಯಿತು. ಮದುವೆಯಾಗಲಿಲ್ಲ. ಯೌವನದಲ್ಲಿ ಯಾವ ಧರ್ಮವನ್ನು ಬಿಡಲೊಲ್ಲೆನೆಂದು ಹುದ್ದೆಯನ್ನು ಬಿಟ್ಟಿದ್ದರೋ ಆ ಧರ್ಮದ ಆಚಾರದಲ್ಲಿಯೇ ವೃದ್ಧಾಪ್ಯವನ್ನು ಕಳೆದು, ತಮ್ಮ ಸಂಪತ್ತನ್ನು ಅದರ ವಿದ್ಯಾಶಾಲೆಗಳಿಗೆ ಮುಡಿಪಾಗಿಟ್ಟರು.

ಅವರ ಲಸಿಕೆ ಮಾತ್ರ ನಿಲ್ಲಲಿಲ್ಲ. 1925ರವರೆಗೆ ಪರೇಲದಿಂದ ಹೊರಹೋದ ಚುಚ್ಚುಮದ್ದಿನ ಪ್ರಮಾಣಗಳ ಸಂಖ್ಯೆ ಎರಡು ಕೋಟಿಯನ್ನು ಮೀರಿತ್ತು. ಅದು ಪರಿಪೂರ್ಣ ಲಸಿಕೆಯೇನಲ್ಲ. ಎರಡು ದಿನ ಜ್ವರ ಬರುತ್ತಿತ್ತು, ತೋಳು ಊದುತ್ತಿತ್ತು, ರಕ್ಷಣೆ ಕೆಲವೇ ತಿಂಗಳು ನಿಲ್ಲುತ್ತಿತ್ತು. ಆ ಮಹಾಮಾರಿಯು ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಲಸಿಕೆ ತಲುಪದ ಹಳ್ಳಿಗಳೇ ಹೆಚ್ಚು. ಇಲಿಗಳ ನಿಯಂತ್ರಣ, ಕೀಟನಾಶಕಗಳು, 1940ರ ದಶಕದಿಂದ ದೊರೆತ ಸ್ಟ್ರೆಪ್ಟೊಮೈಸಿನ್ ಮುಂತಾದ ಔಷಧಗಳು ಕೂಡಿ ಪ್ಲೇಗನ್ನು ಹಿಮ್ಮೆಟ್ಟಿಸಿದವು. ಆ ದೀರ್ಘ ಹಾವಳಿಯ ಕೊನೆಯ ಮನುಷ್ಯ ಪ್ರಕರಣವೆಂದು ದಾಖಲಾದುದು 1966ರಲ್ಲಿ, ನಮ್ಮ ರಾಜ್ಯದ ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ. ತರುವಾಯ 1994ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿಯೂ ಗುಜರಾತಿನ ಸೂರತ್ ನಗರದಲ್ಲಿಯೂ ಅದು ಪುನಃ ತಲೆಯೆತ್ತಿತು. ಕಾಡು ಬಯಲುಗಳ ಇಲಿಗಳಲ್ಲಿ ಆ ಅಣುವಿನ ಸುಳಿವನ್ನು ಹುಡುಕುವ ಕಾರ್ಯವು ಅಲ್ಲಿಗೂ ನಿಲ್ಲಲಿಲ್ಲ.

ಹಾಫ್‌ಕಿನ್‌ರು ತಾವು ಕಟ್ಟಿ ಬೆಳೆಸಿ ಕಳೆದುಕೊಂಡ ಪರೇಲದ ಪ್ರಯೋಗಶಾಲೆಗೆ ಅವರು ಬದುಕಿರುವಾಗಲೇ, 1925ರಲ್ಲಿ, ಅವರ ಹೆಸರನ್ನಿಡಲಾಯಿತು. 1930ರ ಅಕ್ಟೋಬರ 26ರಂದು ಲೋಸಾನ್ ನಗರದಲ್ಲಿ ಎಪ್ಪತ್ತನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಆ ವರ್ಷವೂ ಪರೇಲದಿಂದ ಪ್ಲೇಗಿನ ಲಸಿಕೆಯ ಶೀಶೆಗಳು ಊರೂರಿಗೆ ಹೋಗುತ್ತಿದ್ದವು.